ಪದವಿನಲ್ಲಿ ರೇಡಿಯೊಮಾಸ್ಟರ್ ಬಾಕ್ಸರ್: ಮಾದರಿ ವಿಮಾನಕ್ಕೊಂದು ದೂರಗಾಮಿ ರೇಡಿಯೊ ಸಂಪರ್ಕ

ಕುಂಬಳೆಯಿಂದ ಬದಿಯಡ್ಕಕ್ಕೂ ಅಲ್ಲಿಂದ ಪೆರ್ಲದ ಕಡೆಗೂ ಹೋಗುವಾಗ ಸಿಗುವ ಮುರಕಲ್ಲಿನ ಪದವುಗಳಷ್ಟು, ಅಂದರೆ ಗುಡ್ಡೆಯ ಮೇಲಿನ ಸಮತಟ್ಟು ನೆಲಗಳಷ್ಟು, ಒಳ್ಳೆಯ ಹಾರಾಟದ ನೆಲ ಮಾದರಿ ವಿಮಾನ ಹಾರಿಸುವವರಿಗೆ ನಮ್ಮ ಕರಾವಳಿಯಲ್ಲಿ ಬೇರೆಡೆ ಸುಲಭವಾಗಿ ದೊರೆಯುವುದಿಲ್ಲ. ಮೇಲೆ ಮರಗಳಿಲ್ಲದ ಬಯಲು, ಮಧ್ಯಾಹ್ನದ ನಂತರ ಕಡಲ ಕಡೆಯಿಂದ ಒಂದೇ ಹದದಲ್ಲಿ ಬೀಸುವ ಗಾಳಿ, ಮಳೆ ಹಿಂದೆ ಸರಿದ ಮೇಲೆ ವಿಮಾನ ಮೆತ್ತಗೆ ಇಳಿಯಲು ಸಾಕಾಗುವಷ್ಟು ಮುಳಿಹುಲ್ಲು, ಎಲ್ಲವೂ ಅಲ್ಲಿವೆ. ಆದರೆ ಪದವಿನ ಅಂಚು ದಾಟಿದ ಕೂಡಲೇ ನೆಲ ಕಡಿದಾಗಿ ಇಳಿದು ಅಡಿಕೆ ತೋಟ ಮತ್ತು ತೋಡುಗಳ ಕಣಿವೆಯಾಗುತ್ತದೆ. ತಿರುವಿನಲ್ಲಿ ಸ್ವಲ್ಪ ಎತ್ತರ ಕಳೆದುಕೊಂಡ ವಿಮಾನ, ಹಾರಿಸುವವನ ಕಣ್ಣಿಗೆ ಇನ್ನೂ ಕಾಣುತ್ತಿರುವಾಗಲೇ, ರೇಡಿಯೊ ತರಂಗದ ದೃಷ್ಟಿಯಿಂದ ಅಂಚಿನ ಮರೆಗೆ ಅರ್ಧ ಸರಿದಿರುತ್ತದೆ. ಇಂಥ ನೆಲದಲ್ಲಿ ಒಂದು ಹಾರಾಟದ ಋತುವಿನುದ್ದಕ್ಕೂ ಬಳಸಿದ ರೇಡಿಯೊಮಾಸ್ಟರ್ ಬಾಕ್ಸರ್ ಎಂಬ ಪ್ರೇಷಕ (ಆದೇಶ ಕಳುಹಿಸುವ, ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್) ಮತ್ತು ಅದೇ ಸಂಸ್ಥೆಯ ಇಆರ್6 ಎಂಬ ಗ್ರಾಹಕದ (ವಿಮಾನದೊಳಗೆ ಕೂತು ಆದೇಶ ಪಡೆಯುವ ರಿಸೀವರ್) ವಿಮರ್ಶೆ ಇದು. ಎರಡೂ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ (ಎಲ್‌ಆರ್‌ಎಸ್ ಎಂದರೆ ದೂರಗಾಮಿ ವ್ಯವಸ್ಥೆ) ಎಂಬ ಮುಕ್ತ ತಂತ್ರಾಂಶದ ಮೇಲೆ 2.4 ಗಿಗಾಹರ್ಟ್ಸ್ ಪಟ್ಟೆಯಲ್ಲಿ ಕೆಲಸ ಮಾಡುತ್ತವೆ. ಇವನ್ನು ಜೋಡಿಸಿದ ವಿಮಾನ ಸುಮಾರು ಒಂದೂವರೆ ಮೀಟರ್ ರೆಕ್ಕೆಯ, ಎರಡು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಫೋಮ್ ತರಬೇತಿ ವಿಮಾನ.

ಹಾರಾಟ ನೋಡಲು ಬಂದ ಹುಡುಗರು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: “ಮಾಷ್ಟ್ರೇ, ಇದು ಎಷ್ಟು ಕಿಲೋಮೀಟರ್ ಹೋಗ್ತದೆ?” ದೂರಗಾಮಿ ಎಂಬ ಹೆಸರಿನ ಉಪಕರಣದ ಬಗ್ಗೆ ಹಾಗೆ ಕೇಳುವುದು ಸಹಜ. ಆದರೆ ನಮ್ಮ ದೇಶದ 2021ರ ಡ್ರೋನ್ ನಿಯಮಗಳ ಪ್ರಕಾರ ಮಾದರಿ ವಿಮಾನ ಎಂದರೆ 25 ಕಿಲೋಗ್ರಾಮ್ ಮೀರದ, ಶಿಕ್ಷಣ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ವಿನೋದಕ್ಕಾಗಿ, ಬರಿಗಣ್ಣಿನ ದೃಷ್ಟಿಯ ಒಳಗೆ ಮಾತ್ರ ಹಾರಿಸುವ ವಿಮಾನ. ಆ ಅರ್ಥದಲ್ಲಿ ಹಾರಿಸುವವರಿಗೆ ವಿಮಾನದ ವಿನ್ಯಾಸಕ್ಕೆ ಕೊಡುವ ಟೈಪ್ ಸರ್ಟಿಫಿಕೇಟ್ ಎಂಬ ಪ್ರಮಾಣಪತ್ರದ ಅಗತ್ಯವಿಲ್ಲ ಎಂಬ ವಿನಾಯಿತಿಯೂ ಅಲ್ಲಿದೆ. ಒಂದೂವರೆ ಮೀಟರ್ ರೆಕ್ಕೆಯ ವಿಮಾನ ಅರ್ಧ ಕಿಲೋಮೀಟರ್ ದಾಟಿದರೆ ಅದರ ಮೂಗು ಯಾವ ಕಡೆಗಿದೆ ಎಂದು ಗುರುತಿಸುವುದೇ ಕಷ್ಟವಾಗುತ್ತದೆ. ಹೀಗಿರುವಾಗ ಹತ್ತಾರು ಕಿಲೋಮೀಟರ್ ತಲುಪಬಲ್ಲ ರೇಡಿಯೊ ನಮಗೇಕೆ? ಅದರ ಉತ್ತರ ಸಂಕೇತದ ಬಲದ ಏರಿಳಿತವನ್ನು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿದೆ, ಮತ್ತು ಈ ಉಪಕರಣ ಕೊಳ್ಳಬೇಕೋ ಬೇಡವೋ ಎಂಬುದನ್ನು ಆ ಲೆಕ್ಕವೇ ತೀರ್ಮಾನಿಸುತ್ತದೆ.

ತೆರೆದ ಆಕಾಶದಲ್ಲಿ 2.4 ಗಿಗಾಹರ್ಟ್ಸ್ ಸಂಕೇತ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಸುಮಾರು 100 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಅರ್ಧ ಕಿಲೋಮೀಟರಿನಲ್ಲಿ ಆ ನಷ್ಟ 94 ಡೆಸಿಬೆಲ್. ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಹೆಚ್ಚು ನಷ್ಟ. ಪ್ರೇಷಕದ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸಿಗುವ ಲಾಭವಾದರೋ 3 ಡೆಸಿಬೆಲ್ ಮಾತ್ರ. 100 ಮಿಲಿವಾಟ್ ಎಂದರೆ 20 ಡಿಬಿಎಂ, ಅಂದರೆ ಒಂದು ಮಿಲಿವಾಟಿಗೆ ಹೋಲಿಸಿದಾಗ 20 ಡೆಸಿಬೆಲ್ ಹೆಚ್ಚು. ಆಂಟೆನಾಗಳ ಲಾಭನಷ್ಟಗಳನ್ನು ಬದಿಗಿಟ್ಟರೆ ಅರ್ಧ ಕಿಲೋಮೀಟರ್ ದೂರದ ಗ್ರಾಹಕಕ್ಕೆ ತಲುಪುವುದು ಮೈನಸ್ 74 ಡಿಬಿಎಂ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನ ಸೆಕೆಂಡಿಗೆ 100 ಪೊಟ್ಟಣಗಳ (ಆದೇಶ ಹೊತ್ತ ಪ್ಯಾಕೆಟ್‌ಗಳ) ಪೂರ್ಣ ಕ್ರಮದಲ್ಲಿ (ಫುಲ್ ಮೋಡ್) ಗ್ರಾಹಕವು ಮೈನಸ್ 112 ಡಿಬಿಎಂವರೆಗಿನ ಸಂಕೇತವನ್ನು ಬಿಡಿಸಿ ಓದಬಲ್ಲದು. ನಡುವೆ ಉಳಿಯುವ 38 ಡೆಸಿಬೆಲ್‌ಗಳೇ ನಮ್ಮ ಬಂಡವಾಳ. ವಿಮಾನದ ಆಂಟೆನಾ ಪ್ರೇಷಕದ ಆಂಟೆನಾಕ್ಕೆ ಅಡ್ಡಡ್ಡವಾಗಿ ಬಂದರೆ 20 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ನಷ್ಟವಾಗಬಹುದು. ಬ್ಯಾಟರಿ ಮತ್ತು ಮೋಟಾರಿನ ಮರೆಗೆ ಒಂದಷ್ಟು, ಮಳೆ ನಿಂತ ಮೇಲೆ ಇನ್ನೂ ಒದ್ದೆಯಾಗಿರುವ ಅಡಿಕೆ ಸೋಗೆಗಳಿಗೆ ಇನ್ನಷ್ಟು ಹೋಗುತ್ತದೆ. ಈ ಎಲ್ಲ ನಷ್ಟಗಳು ಒಂದೇ ಕ್ಷಣದಲ್ಲಿ ಕೂಡಿಬಂದರೂ ವಿಮಾನ ಕೈಯಲ್ಲಿ ಉಳಿಯಬೇಕಾದರೆ ಅಷ್ಟು ಬಂಡವಾಳ ಬೇಕೇ ಬೇಕು. ನನ್ನ ದೃಷ್ಟಿಯಲ್ಲಿ ದೂರಗಾಮಿ ಸಂಪರ್ಕ ಕೊಳ್ಳುವುದಕ್ಕೆ ಇದೊಂದೇ ಸರಿಯಾದ ಕಾರಣ: ಹತ್ತಿರದಲ್ಲಿ ಹಾರುವಾಗ ಅದು ಕಡಿಯಬಾರದು.

ಪದವಿನ ಅಂಚಿನ ತೊಂದರೆಗೆ ಇನ್ನೊಂದು ಕಾರಣವೂ ಇದೆ. ರೇಡಿಯೊ ತರಂಗ ದಾರದಂತೆ ನೇರ ಗೆರೆಯಲ್ಲಿ ಸಾಗುವುದಿಲ್ಲ. ಪ್ರೇಷಕ ಮತ್ತು ಗ್ರಾಹಕದ ನಡುವೆ ಅದಕ್ಕೆ ಮಧ್ಯದಲ್ಲಿ ಉಬ್ಬಿದ ಒಂದು ಜಾಗ ಬೇಕು. ಫ್ರೆನೆಲ್ ವಲಯ ಎಂದು ಕರೆಯುವ ಈ ಜಾಗದ ತ್ರಿಜ್ಯ ಒಂದು ಕಿಲೋಮೀಟರ್ ಅಂತರದ ಮಧ್ಯಬಿಂದುವಿನಲ್ಲಿ, ಈ ಪಟ್ಟೆಯಲ್ಲಿ, ಸುಮಾರು ಐದೂವರೆ ಮೀಟರ್. ಅರ್ಧ ಕಿಲೋಮೀಟರ್ ಅಂತರಕ್ಕೆ ಸುಮಾರು ನಾಲ್ಕು ಮೀಟರ್. ಕಣಿವೆಯ ಕಂಗಿನ ತಲೆಗಳು ಅಥವಾ ಮುರಕಲ್ಲಿನ ಅಂಚು ಈ ಜಾಗದೊಳಗೆ ಚಾಚಿಕೊಂಡರೆ, ವಿಮಾನ ಸ್ಪಷ್ಟವಾಗಿ ಕಾಣುತ್ತಿದ್ದರೂ ಸಂಕೇತ ಕುಗ್ಗುತ್ತದೆ. ಆದ್ದರಿಂದ ಪದವಿನ ಅಂಚಿನಿಂದ ಹಿಂದೆ ಸರಿದು ನಿಲ್ಲುವುದಕ್ಕಿಂತ, ಕಣಿವೆಯ ಕಡೆ ಹಾರಿಸುವ ದಿನ ಅಂಚಿನ ಹತ್ತಿರವೇ, ಆದರೆ ಸುರಕ್ಷಿತವಾಗಿ, ನಿಲ್ಲುವುದು ಒಳ್ಳೆಯದು. ಯಾವ ದುಬಾರಿ ಉಪಕರಣವೂ ಕೊಡದ ಲಾಭವನ್ನು ಈ ನಿಲ್ಲುವ ಜಾಗ ಪುಕ್ಕಟೆಯಾಗಿ ಕೊಡುತ್ತದೆ.

ಯಾವ ಪಟ್ಟೆಯನ್ನು ಆರಿಸಬೇಕು ಎಂಬ ಪ್ರಶ್ನೆಯಲ್ಲಿ ನಮ್ಮವರು ತುಂಬಾ ಗೊಂದಲಕ್ಕೆ ಬೀಳುತ್ತಾರೆ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ 2.4 ಗಿಗಾಹರ್ಟ್ಸ್ ಅಲ್ಲದೆ 900 ಮೆಗಾಹರ್ಟ್ಸ್ ಆಸುಪಾಸಿನಲ್ಲೂ ಕೆಲಸ ಮಾಡುತ್ತದೆ, ಮತ್ತು ಭಾರತಕ್ಕೆಂದೇ 866 ಮೆಗಾಹರ್ಟ್ಸ್‌ನ ಆಯ್ಕೆ ಆ ತಂತ್ರಾಂಶದಲ್ಲಿದೆ. ಅಷ್ಟೇ ಶಕ್ತಿಗೆ 866 ಮೆಗಾಹರ್ಟ್ಸ್‌ನಲ್ಲಿ ದಾರಿಯ ನಷ್ಟ ಸುಮಾರು 9 ಡೆಸಿಬೆಲ್ ಕಡಿಮೆ, ಎಲೆಗಳ ಮೂಲಕ ಹಾಯುವುದರಲ್ಲೂ ಅದೇ ಮೇಲು. ಹಾಗಾದರೆ ಅಡಿಕೆ ತೋಟದ ನಾಡಿಗೆ ಅದೇ ಸರಿಯಲ್ಲವೇ ಎಂದು ಯಾರಿಗಾದರೂ ತೋಚುತ್ತದೆ. ನಾನು ಅದನ್ನು ಆರಿಸದಿರಲು ಮೂರು ಕಾರಣಗಳಿವೆ. ಪರವಾನಗಿ ಬೇಡದ ಪಟ್ಟೆಯಾಗಿ 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗೂ, 2021ರಲ್ಲಿ 868ರವರೆಗೂ ತೆರೆಯಲಾದ ಈ ಜಾಗದಲ್ಲಿ 1 ವಾಟ್ ಪ್ರೇಷಣ ಶಕ್ತಿಯ ಮಿತಿಯೊಂದಿಗೆ ವಾಹಕ ತರಂಗದ ಅಗಲಕ್ಕೆ 200 ಕಿಲೋಹರ್ಟ್ಸ್ ಎಂಬ ಮಿತಿಯನ್ನು 2005ರ ನಿಯಮ ಹೇಳಿತ್ತು. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಆ ಪಟ್ಟೆಯಲ್ಲಿ ಬಳಸುವ ಸಂಕೇತದ ಅಗಲ 500 ಕಿಲೋಹರ್ಟ್ಸ್. ಎರಡನೆಯದಾಗಿ, 869 ಮೆಗಾಹರ್ಟ್ಸ್‌ನಿಂದಲೇ ಮೊಬೈಲ್ ಗೋಪುರಗಳು ಕೆಳಗೆ ಕಳುಹಿಸುವ ಒಂದು ಪಟ್ಟೆ ಆರಂಭವಾಗುತ್ತದೆ, ಮತ್ತು ನಮ್ಮಲ್ಲಿ ಗೋಪುರಗಳನ್ನು ಕಟ್ಟಿರುವುದು ಇದೇ ಗುಡ್ಡೆಗಳ ನೆತ್ತಿಯಲ್ಲಿ. ಪಕ್ಕದಲ್ಲೇ ಅಷ್ಟು ಗಟ್ಟಿಯಾದ ಸಂಕೇತವಿದ್ದರೆ ಗ್ರಾಹಕದ ಕಿವಿ ಮಂದವಾಗುವ ಸಾಧ್ಯತೆ ಇದೆ. ಮೂರನೆಯದು ಆಂಟೆನಾ: 866ಕ್ಕೆ ಅರ್ಧ ತರಂಗದ ಆಂಟೆನಾ 17 ಸೆಂಟಿಮೀಟರ್ ದಾಟುತ್ತದೆ, 2.4 ಗಿಗಾಹರ್ಟ್ಸ್‌ಗೆ ಆರು ಸೆಂಟಿಮೀಟರ್ ಸಾಕು. ಸಣ್ಣ ಆಂಟೆನಾವನ್ನು ಫೋಮಿನೊಳಗೆ ಸರಿಯಾದ ದಿಕ್ಕಿನಲ್ಲಿ ಕೂರಿಸಬಹುದು. ಉದ್ದದ್ದನ್ನು ಬಾಗಿಸಬೇಕಾಗುತ್ತದೆ, ಬಾಗಿಸಿದಾಗ ಆ 9 ಡೆಸಿಬೆಲ್‌ನಲ್ಲಿ ಒಂದು ಪಾಲು ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಆನ್‌ಲೈನ್ ಅಂಗಡಿಗಳಲ್ಲಿ 915 ಮೆಗಾಹರ್ಟ್ಸ್ ಎಂದು ಬರೆದ ಮಾಡ್ಯೂಲ್‌ಗಳು ಧಾರಾಳವಾಗಿ ಸಿಗುತ್ತವೆ. ಅದು ಅಮೆರಿಕದ ಪಟ್ಟೆ, 902ರಿಂದ 928 ಮೆಗಾಹರ್ಟ್ಸ್. ನಮ್ಮ ದೇಶದಲ್ಲಿ 890ರಿಂದ 915ರವರೆಗಿನ ಜಾಗ ಮೊಬೈಲ್ ಫೋನ್‌ಗಳು ಗೋಪುರಕ್ಕೆ ಮಾತು ತಲುಪಿಸುವ ಜಾಗ. ಅಲ್ಲಿ 1 ವಾಟ್ ಪ್ರೇಷಕವನ್ನು ಗುಡ್ಡೆಯ ತುದಿಯಿಂದ ಬಿಟ್ಟರೆ ತೊಂದರೆಯಾಗುವುದು ಊರಿನ ಫೋನ್‌ಗಳಿಗೆ, ಮತ್ತು ಅದಕ್ಕೆ ಯಾವ ವಿನಾಯಿತಿಯೂ ಇಲ್ಲ. ಅಗ್ಗವೆಂದು ಅದನ್ನು ಯಾರೂ ಕೊಳ್ಳಬಾರದು. ವಿದೇಶದಿಂದ ನೇರವಾಗಿ ತರಿಸುವ ಯಾವುದೇ ರೇಡಿಯೊ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ರೇಡಿಯೊ ಉಪಕರಣಗಳಿಗೆ ಕೊಡುವ ಇಟಿಎ ಎಂಬ ಅನುಮೋದನೆಯ ಪ್ರಶ್ನೆ ಬರುವುದರಿಂದ, ಅದನ್ನು ಪಡೆದು ಮಾರುವ ಭಾರತೀಯ ಮಾರಾಟಗಾರರಿಂದ ಬಿಲ್ಲಿನೊಂದಿಗೆ ಕೊಳ್ಳುವುದು ಕ್ಷೇಮ.

ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಇಷ್ಟು ದುರ್ಬಲ ಸಂಕೇತವನ್ನು ಹೇಗೆ ಓದುತ್ತದೆ ಎಂಬುದು ಈ ಉಪಕರಣದ ಅತ್ಯಂತ ಸುಂದರವಾದ ಭಾಗ. ಅದರ ಒಳಗಿರುವುದು ಸೆಮ್‌ಟೆಕ್ ಸಂಸ್ಥೆಯ ಲೋರಾ ಚಿಪ್. ಈ ತಂತ್ರವನ್ನು ರೂಪಿಸಿದ ಸೈಕ್ಲಿಯೊ ಎಂಬ ಫ್ರೆಂಚ್ ಸಂಸ್ಥೆಯನ್ನು ಸೆಮ್‌ಟೆಕ್ 2012ರಲ್ಲಿ ಕೊಂಡುಕೊಂಡಿತು. ಸಾಮಾನ್ಯ ರೇಡಿಯೊಗಳಂತೆ ಒಂದೇ ಆವರ್ತನದಲ್ಲಿ ನಿಲ್ಲದೆ, ಲೋರಾದ ಪ್ರತಿಯೊಂದು ಚಿಹ್ನೆಯೂ ಆವರ್ತನವನ್ನು ಕೆಳಗಿನಿಂದ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಹಿತ್ತಿಲಿನಲ್ಲಿ ಎಷ್ಟು ಹಕ್ಕಿಗಳು ಕೂಗುತ್ತಿದ್ದರೂ ಏರುತ್ತಾ ಹೋಗುವ ಕೋಗಿಲೆಯ ದನಿಯನ್ನು ಕಿವಿ ಬೇರೆಯಾಗಿ ಗುರುತಿಸುವ ಹಾಗೆ, ಗದ್ದಲದ ಮಟ್ಟಕ್ಕಿಂತ ಕೆಳಗೆ ಮುಳುಗಿದ ಸಂಕೇತವನ್ನೂ ಗ್ರಾಹಕ ಈ ಏರುದನಿಯ ಗುರುತಿನಿಂದ ಹೆಕ್ಕಿ ತೆಗೆಯುತ್ತದೆ. ನಿಧಾನವಾಗಿ ಎಳೆದಷ್ಟೂ ಹೆಕ್ಕುವುದು ಸುಲಭ. ಸೆಕೆಂಡಿಗೆ 500 ಪೊಟ್ಟಣ ಕಳುಹಿಸುವಾಗ ಗ್ರಾಹಕದ ಸೂಕ್ಷ್ಮತೆ ಮೈನಸ್ 105 ಡಿಬಿಎಂ. 250ಕ್ಕೆ ಮೈನಸ್ 108. 150ಕ್ಕೆ ಮೈನಸ್ 112. 50ಕ್ಕೆ ಇಳಿಸಿದರೆ ಮೈನಸ್ 115. ಅಂದರೆ 500ರಿಂದ 50ಕ್ಕೆ ಇಳಿದರೆ 10 ಡೆಸಿಬೆಲ್ ಉಳಿತಾಯ. ಅದು ಪ್ರೇಷಕದ ಶಕ್ತಿಯನ್ನು ಹತ್ತು ಪಟ್ಟು ಹೆಚ್ಚಿಸುವುದಕ್ಕೆ ಸಮ. ರೇಸಿಂಗ್ ಡ್ರೋನ್ ಹಾರಿಸುವವರಿಗೆ ವೇಗದ ಪೊಟ್ಟಣಗಳು ಬೇಕು. ತರಬೇತಿ ವಿಮಾನದ ರೆಕ್ಕೆ ಬಾಲಗಳ ಪಟ್ಟಿಗಳನ್ನು ತಿರುಗಿಸುವ ಸಾಮಾನ್ಯ ಸರ್ವೊ ಮೋಟಾರಿಗೆ 20 ಮಿಲಿಸೆಕೆಂಡಿಗೆ ಒಮ್ಮೆ ಮಾತ್ರ ಆದೇಶ ತಲುಪುವುದರಿಂದ, ಸೆಕೆಂಡಿಗೆ 500 ಬಾರಿ ಹೇಳಿದರೂ ಅದು ಕೇಳಿಸಿಕೊಳ್ಳುವುದು 50 ಬಾರಿಯೇ. ನಾನು 100ರ ಪೂರ್ಣ ಕ್ರಮವನ್ನು ಆರಿಸಿ ಅಲ್ಲೇ ನಿಂತೆ.

ಇನ್ನು ಬಾಕ್ಸರ್. ಇದು ಮಧ್ಯಮ ಗಾತ್ರದ, ಎರಡೂ ಕೈಗಳಲ್ಲಿ ಭದ್ರವಾಗಿ ಕೂರುವ ಪ್ರೇಷಕ. ಅಯಸ್ಕಾಂತದ ನೆರವಿನಿಂದ ಚಲನೆಯನ್ನು ಗುರುತಿಸುವ ಹಾಲ್ ಸಂವೇದಕದ ಸ್ಟಿಕ್‌ಗಳು ನಯವಾಗಿವೆ. ಉಜ್ಜಿ ಸವೆಯುವ ಭಾಗವಿಲ್ಲದ ಕಾರಣ ನಮ್ಮ ಹವೆಯ ತೇವಕ್ಕೆ ಹಳೆಯ ಪೊಟೆನ್ಶಿಯೊಮೀಟರ್ ಸ್ಟಿಕ್‌ಗಳಿಗಿಂತ ಇವು ಹೆಚ್ಚು ತಡೆಯುತ್ತವೆ ಎಂಬ ನಂಬಿಕೆ ನನಗಿದೆ. ಬಣ್ಣದ ಪರದೆ ಇಲ್ಲ, ಕಪ್ಪು ಬಿಳುಪಿನದು ಮಾತ್ರ, ಮತ್ತು ಅದೇ ಒಳ್ಳೆಯದು: ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಮುರಕಲ್ಲಿನಿಂದ ಬಿಸಿಲು ಮುಖಕ್ಕೆ ಮರಳಿ ಹೊಡೆಯುವಾಗಲೂ ಅಂಕಿಗಳನ್ನು ಓದಬಹುದು. ಒಳಗೆ ಕೂಡಿಸಿರುವ ಪ್ರೇಷಣ ಘಟಕ 1 ವಾಟ್‌ವರೆಗೆ ಏರಬಲ್ಲದು, ಅದನ್ನು ತಂಪಾಗಿಡಲು ಒಂದು ಪುಟ್ಟ ಫ್ಯಾನ್ ಇದೆ. ಮೇಲಿನ ಲೆಕ್ಕ ನೋಡಿದವರಿಗೆ ಆ 1 ವಾಟ್ ದೃಷ್ಟಿಯೊಳಗಿನ ಹಾರಾಟಕ್ಕೆ ಬೇಕಾಗುವುದಿಲ್ಲ ಎಂಬುದು ತಿಳಿಯುತ್ತದೆ. ನಾನು 100 ಮಿಲಿವಾಟ್‌ನಲ್ಲಿ ಹಾರಿಸುತ್ತೇನೆ, ಮತ್ತು ಸಂಪರ್ಕ ಕುಗ್ಗಿದಾಗ ತಾನಾಗಿ ಶಕ್ತಿ ಏರಿಸುವ ಆಯ್ಕೆಗೆ 250 ಮಿಲಿವಾಟ್‌ನ ಮಿತಿ ಹಾಕಿದ್ದೇನೆ. ಬ್ಯಾಟರಿಯನ್ನು ಬೇರೆಯಾಗಿ ಕೊಳ್ಳಬೇಕಾದೀತು. ಕೊಳ್ಳುವ ಮೊದಲು ಪೆಟ್ಟಿಗೆಯಲ್ಲಿ ಏನೇನು ಬರುತ್ತದೆ ಎಂದು ಕೇಳಿಕೊಳ್ಳಬೇಕು. ಆಂಟೆನಾ ಜೋಡಿಸದೆ ಪ್ರೇಷಕವನ್ನು ಎಂದೂ ಚಾಲೂ ಮಾಡಬಾರದು ಎಂಬ ಹಳೆಯ ನಿಯಮ ಇದಕ್ಕೂ ಅನ್ವಯಿಸುತ್ತದೆ.

ಇದರೊಳಗಿನ ಎಡ್ಜ್‌ಟಿಎಕ್ಸ್ ತಂತ್ರಾಂಶ ಹೊಸಬರಿಗೆ ಸ್ವಲ್ಪ ಕಠಿಣ. ಎಲ್ಲವನ್ನೂ ತಾನೇ ಕಟ್ಟಿಕೊಳ್ಳಬೇಕಾದ ಮನೆಯನ್ನು ಅದು ಕೈಗೆ ಕೊಡುತ್ತದೆ, ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ಕೈಪಿಡಿ ಇಲ್ಲ. ಪ್ರೌಢಶಾಲೆಯ ಹುಡುಗನೊಬ್ಬ ಇಂಗ್ಲಿಷ್ ಮೆನುಗಳನ್ನು ಒಬ್ಬನೇ ಬಿಡಿಸಿಕೊಳ್ಳಬೇಕೆಂದರೆ ಆರಂಭದಲ್ಲೇ ಬೇಸರವಾದೀತು. ಮೊದಲ ಸಲ ಯಾರಾದರೂ ಪಕ್ಕದಲ್ಲಿ ಕುಳಿತು ತೋರಿಸಿಕೊಡಬೇಕು. ಆದರೆ ಅದೇ ತಂತ್ರಾಂಶ ಒಂದು ದೊಡ್ಡ ಉಪಕಾರವನ್ನೂ ಮಾಡುತ್ತದೆ. ಪ್ರೇಷಕದ ಎಸ್‌ಡಿ ಕಾರ್ಡಿನಲ್ಲಿ ನಮ್ಮದೇ ಧ್ವನಿಯ ವೇವ್ ಕಡತಗಳನ್ನು, ಆರು ಅಕ್ಷರ ಮೀರದ ಹೆಸರಿಟ್ಟು, ಸೇರಿಸಬಹುದು. ನಮ್ಮ ಪ್ರೇಷಕ ಈಗ “ಸಿಗ್ನಲ್ ಕಡಿಮೆ, ತಿರುಗಿಸು” ಎಂದೂ “ಬ್ಯಾಟರಿ ಮುಗಿಯುತ್ತಾ ಬಂತು” ಎಂದೂ ಕನ್ನಡದಲ್ಲಿ ಎಚ್ಚರಿಸುತ್ತದೆ. ಹಾರಾಟದ ಗಾಬರಿಯಲ್ಲಿ ಮಾತೃಭಾಷೆಯ ಮಾತು ಎಷ್ಟು ಬೇಗ ಕೈಗೆ ತಲುಪುತ್ತದೆ ಎಂಬುದನ್ನು ಕಲಿಯುವ ಹುಡುಗರಲ್ಲಿ ಕಂಡಿದ್ದೇನೆ, ಹಾಗಾಗಿ ಈ ಒಂದು ಸೌಲಭ್ಯಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಇಆರ್6 ಗ್ರಾಹಕದಲ್ಲಿ ಸರ್ವೊಗಳನ್ನು ನೇರವಾಗಿ ಚುಚ್ಚಬಹುದಾದ ಆರು ಹೊರದ್ವಾರಗಳಿವೆ, ಎರಡು ಆಂಟೆನಾಗಳಿವೆ, ಮತ್ತು ಹಾರಾಟದ ಬ್ಯಾಟರಿಯ ವೋಲ್ಟೇಜನ್ನು ಅಳೆದು ಕೆಳಗೆ ಕಳುಹಿಸುವ ತಂತಿಯೂ ಇದೆ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಗ್ರಾಹಕಗಳಲ್ಲಿ ಹಲವು, ಡ್ರೋನ್‌ಗಳ ಹಾರಾಟ ನಿಯಂತ್ರಕಕ್ಕೆ ಒಂದೇ ತಂತಿಯಲ್ಲಿ ಮಾಹಿತಿ ಕೊಡುವಂಥವು. ಅವನ್ನು ಸರ್ವೊಗಳಿಗೆ ಜೋಡಿಸಲಾಗದು. ಆದ್ದರಿಂದ ವಿಮಾನಕ್ಕೆ ಕೊಳ್ಳುವವರು ಸರ್ವೊ ಚುಚ್ಚಬಹುದಾದ, ಪಿಡಬ್ಲ್ಯುಎಂ ಎಂದು ಕರೆಯುವ ಹೊರದ್ವಾರ ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ನನ್ನ ಒಂದು ಆಕ್ಷೇಪ ಆಂಟೆನಾ ತಂತಿಗಳ ಬಗ್ಗೆ: ಒಂದೂವರೆ ಮೀಟರ್ ರೆಕ್ಕೆಯ ವಿಮಾನದ ಒಡಲಿನಲ್ಲಿ ಎರಡು ಆಂಟೆನಾಗಳನ್ನು ದೂರ ದೂರ ಇಡಬೇಕೆಂದರೆ ಅವುಗಳ ಉದ್ದ ಇನ್ನಷ್ಟು ಇದ್ದರೆ ಚೆನ್ನಾಗಿತ್ತು.

ಆಂಟೆನಾಗಳನ್ನು ಕೂರಿಸುವ ಕೆಲಸಕ್ಕೆ ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು ಸಮಯ ಕೊಡುವುದು ನ್ಯಾಯ. ತಂತಿಯ ತುದಿಯ ಸುಮಾರು ಮೂರು ಸೆಂಟಿಮೀಟರ್ ಭಾಗವೇ ಕೆಲಸ ಮಾಡುವ ಭಾಗ. ಅದು ನೇರವಾಗಿರಬೇಕು, ಬ್ಯಾಟರಿ, ಮೋಟಾರಿನ ತಂತಿಗಳು ಮತ್ತು ಕಾರ್ಬನ್ ಫೈಬರ್ ಕೊಳವೆಯಿಂದ ದೂರವಿರಬೇಕು. ಕಾರ್ಬನ್ ವಿದ್ಯುತ್ತನ್ನು ಹರಿಸುವ ವಸ್ತುವಾದ್ದರಿಂದ ಅದರ ಪಕ್ಕದಲ್ಲಿಟ್ಟ ಆಂಟೆನಾ ಅರ್ಧ ಕುರುಡಾಗುತ್ತದೆ. ಫೋಮ್ ಮತ್ತು ಬಾಲ್ಸಾ ಮರ ರೇಡಿಯೊಗೆ ಹೆಚ್ಚುಕಡಿಮೆ ಗಾಜಿನಂತೆ. ಒಂದು ಆಂಟೆನಾ ಲಂಬವಾಗಿ ಬಾಲದ ಕಡೆಗೆ, ಇನ್ನೊಂದು ಅಡ್ಡಲಾಗಿ ರೆಕ್ಕೆಯ ಕೆಳಗೆ, ಪರಸ್ಪರ 90 ಡಿಗ್ರಿಯಲ್ಲಿದ್ದರೆ ವಿಮಾನ ಹೇಗೆ ವಾಲಿದರೂ ಒಂದಾದರೂ ಕೇಳುವ ಸ್ಥಿತಿಯಲ್ಲಿರುತ್ತದೆ. ಕೆಳಗಿನವನು ತನ್ನ ಪ್ರೇಷಕದ ಆಂಟೆನಾದ ತುದಿಯನ್ನು ವಿಮಾನದತ್ತ ಚಾಚಬಾರದು. ತುದಿಯ ದಿಕ್ಕಿನಲ್ಲೇ ಅದು ಅತಿ ಕಡಿಮೆ ಸಂಕೇತ ಸೂಸುತ್ತದೆ, ಆದರೂ ಬಂದೂಕಿನ ನಳಿಗೆಯಂತೆ ಗುರಿಯಿಡುವ ಅಭ್ಯಾಸ ಹಳಬರಲ್ಲೂ ಇದೆ.

ಜೋಡಣೆಯ ಕ್ರಮ ಕಷ್ಟದ್ದಲ್ಲ, ಆದರೆ ಅನುಕ್ರಮ ತಪ್ಪಬಾರದು. ಪ್ರೇಷಕ ಮತ್ತು ಗ್ರಾಹಕದ ತಂತ್ರಾಂಶದ ಮುಖ್ಯ ಆವೃತ್ತಿ ಒಂದೇ ಆಗಿರಬೇಕು. 2ರ ಸರಣಿಯ ಗ್ರಾಹಕ 3ರ ಸರಣಿಯ ಪ್ರೇಷಕದೊಂದಿಗೆ ಮಾತನಾಡುವುದಿಲ್ಲ. ಗ್ರಾಹಕಕ್ಕೆ ವಿದ್ಯುತ್ ಕೊಟ್ಟು, ಪ್ರೇಷಕ ಬಂದ್ ಮಾಡಿಟ್ಟು, ಸುಮಾರು ಒಂದು ನಿಮಿಷ ಕಾದರೆ ಅದು ತನ್ನದೇ ವೈಫೈ ಜಾಲವನ್ನು ತೆರೆಯುತ್ತದೆ. ಫೋನಿನಲ್ಲಿ ಆ ಜಾಲ ಸೇರಿ 10.0.0.1 ವಿಳಾಸಕ್ಕೆ ಹೋದರೆ ಆವೃತ್ತಿ ನೋಡುವುದು, ಹೊಸದನ್ನು ಏರಿಸುವುದು, ಜೋಡಣೆಯ ಗುಟ್ಟಿನ ಮಾತನ್ನು ಬರೆಯುವುದು, ಹೊರದ್ವಾರಗಳನ್ನು ಹಂಚುವುದು ಎಲ್ಲವೂ ಅಲ್ಲೇ ಆಗುತ್ತದೆ. ಪ್ರೇಷಕದಲ್ಲೂ ಅದೇ ಗುಟ್ಟಿನ ಮಾತು ಇದ್ದರೆ ಎರಡೂ ಪರಸ್ಪರ ಗುರುತಿಸಿಕೊಳ್ಳುತ್ತವೆ. ಎಲ್ಲರೂ ಊಹಿಸಬಹುದಾದ ಮಾತನ್ನು ಇಡಬಾರದು, ಏಕೆಂದರೆ ಒಂದೇ ಪದವಿನಲ್ಲಿ ಇಬ್ಬರು ಒಂದೇ ಮಾತನ್ನು ಇಟ್ಟುಕೊಂಡಿದ್ದರೆ ಒಬ್ಬನ ಪ್ರೇಷಕಕ್ಕೆ ಇನ್ನೊಬ್ಬನ ವಿಮಾನ ಓಗೊಟ್ಟೀತು. ಗುಟ್ಟಿನ ಮಾತು ಬೇಡವೆಂದರೆ ಗ್ರಾಹಕಕ್ಕೆ ಮೂರು ಬಾರಿ ವಿದ್ಯುತ್ ಕೊಟ್ಟು ತೆಗೆದರೆ ಅದರ ದೀಪ ಎರಡೆರಡಾಗಿ ಮಿನುಗಿ ಜೋಡಣೆಗೆ ಸಿದ್ಧವಾಗುತ್ತದೆ. ದೀಪ ಸ್ಥಿರವಾಗಿ ಉರಿದರೆ ಸಂಪರ್ಕ ಬಂತು ಎಂದರ್ಥ. ಮೂರು ಮೂರಾಗಿ ಮಿನುಗಿದರೆ ಪ್ರೇಷಕದಲ್ಲಿ ಬೇರೆ ವಿಮಾನದ ಹೊಂದಾಣಿಕೆ (ಸೆಟ್ಟಿಂಗ್) ಆಯ್ಕೆಯಾಗಿದೆ ಎಂದರ್ಥ, ಅಂಥಾಗ ಗ್ರಾಹಕವು ಆದೇಶವನ್ನು ಒಪ್ಪಿಕೊಳ್ಳುವುದಿಲ್ಲ. ತಪ್ಪು ಹೊಂದಾಣಿಕೆಯಲ್ಲಿ ಹಾರಿ, ಎಡಕ್ಕೆ ಒತ್ತಿದರೆ ಬಲಕ್ಕೆ ವಾಲುವ ವಿಮಾನವನ್ನು ಕಳೆದುಕೊಳ್ಳುವುದನ್ನು ಈ ಒಂದು ಏರ್ಪಾಡು ತಪ್ಪಿಸುತ್ತದೆ. ಅದನ್ನು ಚಾಲೂ ಇಟ್ಟುಕೊಳ್ಳಲೇಬೇಕು.

ವಿಮಾನದವರು ಗಮನಿಸಬೇಕಾದ ಇನ್ನೊಂದು ವಿಷಯ ಐದನೆಯ ಚಾನೆಲ್, ಅಂದರೆ ಆದೇಶ ಸಾಗುವ ಐದನೆಯ ದಾರಿ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಅದನ್ನು ಮೋಟಾರು ಸಜ್ಜಾಗಿದೆಯೇ ಇಲ್ಲವೇ ಎಂದು ತಿಳಿಸುವ ಸ್ವಿಚ್ಚಿಗಾಗಿ ಮೀಸಲಿಟ್ಟಿದೆ, ಮತ್ತು ಸಾಮಾನ್ಯ ಕ್ರಮಗಳಲ್ಲಿ ಅದು ಹೌದು ಅಥವಾ ಇಲ್ಲ ಎಂಬ ಎರಡೇ ಮಾತು ಆಡುತ್ತದೆ. ಎರಡನೆಯ ಏಲರಾನ್ ಅಥವಾ ಫ್ಲಾಪನ್ನು (ರೆಕ್ಕೆಯ ಹಿಂಬದಿಯ ತಿರುಗುವ ಪಟ್ಟಿಯನ್ನು) ಐದನೆಯ ಚಾನೆಲ್‌ಗೆ ಕೊಟ್ಟರೆ ಅದು ಈ ತುದಿಯಿಂದ ಆ ತುದಿಗೆ ಹಾರುತ್ತದೆಯೇ ಹೊರತು ನಡುವೆ ನಿಲ್ಲುವುದಿಲ್ಲ. ಪೂರ್ಣ ಕ್ರಮವನ್ನು ಆರಿಸಿ, ಎರಡನೆಯ ಏಲರಾನನ್ನು ಆರನೆಯ ಚಾನೆಲ್‌ನಲ್ಲಿ ಇಟ್ಟು, ಗ್ರಾಹಕದ ಪುಟದಲ್ಲಿ ಐದನೆಯ ಹೊರದ್ವಾರಕ್ಕೆ ಆರನೆಯ ಚಾನೆಲನ್ನು ಹಂಚಿದರೆ ತೊಂದರೆ ಮುಗಿಯಿತು. ಕೈಪಿಡಿಯ ಮೊದಲ ಪುಟದಲ್ಲೇ ಇರಬೇಕಾದ ಈ ಮಾತನ್ನು ಹುಡುಕಿ ತಿಳಿದುಕೊಳ್ಳಬೇಕಾದ ಸ್ಥಿತಿ ಇರುವುದು ಸರಿಯಲ್ಲ.

ಸಂಪರ್ಕ ಕಡಿದಾಗ ವಿಮಾನ ಏನು ಮಾಡಬೇಕು ಎಂಬುದನ್ನು ಮುಂಚೆಯೇ ಹೇಳಿಡುವುದು ಕಡ್ಡಾಯ. ಮೋಟಾರು ಪೂರ್ತಿ ನಿಲ್ಲಬೇಕು. ರೆಕ್ಕೆ ಬಾಲಗಳು ವಿಮಾನವನ್ನು ಸೌಮ್ಯವಾದ ತಿರುವಿನಲ್ಲಿ ಹತ್ತಿರದಲ್ಲೇ ಇಳಿಸುವ ಸ್ಥಿತಿಗೆ ಬರಬೇಕು. ನೇರ ಹೋಗಲು ಬಿಟ್ಟರೆ ಅದು ಪದವು ದಾಟಿ ಕಣಿವೆಯ ಮನೆಗಳ ಮೇಲೆ ಹೋದೀತು. ಪ್ರೊಪೆಲ್ಲರ್ ಕಳಚಿಟ್ಟು, ಮೋಟಾರನ್ನು ಅರ್ಧ ವೇಗದಲ್ಲಿ ಓಡಿಸಿ, ಪ್ರೇಷಕವನ್ನು ಬಂದ್ ಮಾಡಿ ನೋಡಬೇಕು. ಮೋಟಾರು ನಿಲ್ಲದಿದ್ದರೆ ಆ ವಿಮಾನ ಆ ದಿನ ನೆಲ ಬಿಡಬಾರದು.

ಮೊದಲ ಹಾರಾಟಕ್ಕೆ ಮುನ್ನ ನೆಲದ ಪರೀಕ್ಷೆ. ಒಬ್ಬರು ವಿಮಾನವನ್ನು ಎದೆಯೆತ್ತರದಲ್ಲಿ ಹಿಡಿದು ನಿಧಾನವಾಗಿ ಎಲ್ಲ ದಿಕ್ಕಿಗೂ ತಿರುಗಿಸುತ್ತಿರುವಾಗ ಇನ್ನೊಬ್ಬರು ಪ್ರೇಷಕವನ್ನು 25 ಮಿಲಿವಾಟ್‌ಗೆ ಇಳಿಸಿ ದೂರ ಹೋಗಬೇಕು. 25ರಿಂದ 250 ಮಿಲಿವಾಟ್‌ಗೆ 10 ಡೆಸಿಬೆಲ್ ವ್ಯತ್ಯಾಸ ಇರುವುದರಿಂದ, ತೆರೆದ ಬಯಲಿನಲ್ಲಿ 25ರಲ್ಲಿ ಕಂಡ ಅದೇ ಬಲ 250ರಲ್ಲಿ ಸುಮಾರು ಮೂರು ಪಟ್ಟು ದೂರದಲ್ಲಿ ಸಿಗುತ್ತದೆ. ನೆಲಕ್ಕೆ ಹತ್ತಿರವಿದ್ದಾಗ ಫ್ರೆನೆಲ್ ವಲಯದ ಅರ್ಧ ಮಣ್ಣಿನಲ್ಲಿ ಹೂತಿರುವ ಕಾರಣ ಮೇಲೆ ಹಾರಿದಾಗಿನ ಫಲ ಇದಕ್ಕಿಂತ ಸಾಮಾನ್ಯವಾಗಿ ಉತ್ತಮ. ಪರದೆಯಲ್ಲಿ ನೋಡಬೇಕಾದ್ದು ಎರಡು ಅಂಕಿ: ಕಳುಹಿಸಿದ ಪೊಟ್ಟಣಗಳಲ್ಲಿ ನೂರಕ್ಕೆ ಎಷ್ಟು ತಲುಪಿದವು ಎಂದು ತಿಳಿಸುವ ಸಂಪರ್ಕದ ಗುಣಮಟ್ಟ, ಮತ್ತು ಡಿಬಿಎಂನಲ್ಲಿ ಸಂಕೇತದ ಬಲ. ಗುಣಮಟ್ಟ 100ರಲ್ಲೇ ನಿಂತು ಕೊನೆಯ ಗಳಿಗೆಯಲ್ಲಿ ಒಮ್ಮೆಲೇ ಕುಸಿಯುವ ಸ್ವಭಾವದ್ದು, ಆದ್ದರಿಂದ ಅದೊಂದನ್ನೇ ನಂಬಿದರೆ ಸೂಚನೆ ತಡವಾಗಿ ಬರುತ್ತದೆ. ಸಂಕೇತದ ಬಲ ನಾವು ಆರಿಸಿದ ಕ್ರಮದ ಮಿತಿಗಿಂತ 15 ಡೆಸಿಬೆಲ್ ಮೇಲಿರುವಾಗಲೇ ಎಚ್ಚರಿಕೆಯ ಧ್ವನಿ ಬರುವಂತೆ ನಾನು ಇಟ್ಟಿದ್ದೇನೆ. ನಮ್ಮ ಪದವಿನಲ್ಲಿ, ಕಣ್ಣಿಗೆ ವಿಮಾನ ಸ್ಪಷ್ಟವಾಗಿ ಕಾಣುವ ದೂರದೊಳಗೆ, ಆ ಧ್ವನಿ ಕೇಳಿಬಂದದ್ದು ಕಣಿವೆಯ ಕಡೆ ಅಂಚಿಗಿಂತ ಕೆಳಗೆ ಇಳಿದಾಗ ಮಾತ್ರ. ಆಗಲೂ ಗುಣಮಟ್ಟ ಇಳಿಯುವ ಮೊದಲೇ ವಿಮಾನವನ್ನು ಮೇಲೆತ್ತಲು ಸಮಯ ಸಿಕ್ಕಿತು. ಈ ಒಂದು ಫಲಿತಾಂಶಕ್ಕಾಗಿ ಕೊಟ್ಟ ಹಣ ಸಾರ್ಥಕವೆಂದು ನಾನು ತಿಳಿಯುತ್ತೇನೆ.

ಕೆಲವೊಮ್ಮೆ ಪ್ರೇಷಕ, ವಿಮಾನದಿಂದ ಬರುವ ಮಾಹಿತಿ ಕಡಿದಿದೆ ಎಂದು ಕೂಗುತ್ತದೆ, ಆದರೆ ವಿಮಾನ ಆದೇಶ ಪಾಲಿಸುತ್ತಲೇ ಇರುತ್ತದೆ. ಗ್ರಾಹಕ ಕೆಳಗೆ ಕಳುಹಿಸುವ ಸಂಕೇತದ ಶಕ್ತಿ ಪ್ರೇಷಕದ ಶಕ್ತಿಗಿಂತ ಕಡಿಮೆ ಇದ್ದಾಗ ಮೊದಲು ಸೋಲುವುದು ಅದೇ. ಗಾಬರಿಪಟ್ಟು ಸ್ಟಿಕ್ ಎಳೆಯದೆ ವಿಮಾನವನ್ನು ತನ್ನತ್ತ ತಿರುಗಿಸಿದರೆ ಸಾಕು. ಇದಕ್ಕಿಂತ ಅಪಾಯಕಾರಿಯಾದದ್ದು ವಿದ್ಯುತ್ತಿನ ಕೊರತೆ. ನಾಲ್ಕು ಸರ್ವೊಗಳು ಒಟ್ಟಿಗೆ ಭಾರ ಎಳೆದಾಗ ಮೋಟಾರಿನ ವೇಗ ನಿಯಂತ್ರಕದೊಳಗಿನ 5 ವೋಲ್ಟ್ ಪೂರೈಕೆ ಕುಸಿದು ಗ್ರಾಹಕವೇ ಒಂದು ಕ್ಷಣ ಆರಿಹೋಗಬಹುದು. ನೋಡುವವರು ಅದನ್ನು ರೇಡಿಯೊದ ದೋಷವೆಂದೇ ಹೇಳುತ್ತಾರೆ. ಎಷ್ಟು ಡೆಸಿಬೆಲ್ ಬಂಡವಾಳವಿದ್ದರೂ ವಿದ್ಯುತ್ ಇಲ್ಲದ ಗ್ರಾಹಕ ಏನನ್ನೂ ಕೇಳದು. ಸರ್ವೊಗಳ ಒಟ್ಟು ಬೇಡಿಕೆಗೆ ತಕ್ಕ ಪೂರೈಕೆಯನ್ನು ಮೊದಲು ನೋಡಿ, ಆಮೇಲೆ ರೇಡಿಯೊಗೆ ಖರ್ಚು ಮಾಡಬೇಕು.

ಎಲ್ಲಿ ಹಾರಿಸಬೇಕು ಎಂಬುದಕ್ಕೆ ಡ್ರೋನ್ ಹಾರಿಸಬಹುದಾದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡಿಯೇ ಹೊರಡಬೇಕು. ಹಸಿರು ವಲಯದಲ್ಲಿ 120 ಮೀಟರ್, ಅಂದರೆ 400 ಅಡಿ ಎತ್ತರದವರೆಗೆ ಪೂರ್ವಾನುಮತಿ ಬೇಡ. ಕಾಸರಗೋಡು ಜಿಲ್ಲೆಯ ದಕ್ಷಿಣದ ತುದಿಯವರಿಗೆ ಏಳಿಮಲೆಯ ನೌಕಾ ಅಕಾಡೆಮಿ ಹತ್ತಿರ ಎಂಬುದು ನೆನಪಿರಲಿ. ಕಾನೂನಿನಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಎಣ್ಮಕಜೆ, ಪಡ್ರೆಯ ಕಡೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ಕಂಡ ಹಿರಿಯರು ಇಂದಿಗೂ ಇದ್ದಾರೆ. ತಲೆಯ ಮೇಲೆ ಹಾರುವ ಯಂತ್ರ ಅವರಿಗೆ ಆಟದ ವಸ್ತುವಲ್ಲ. ಹಾರಿಸುವ ಮೊದಲು ಪದವಿನ ಕೆಳಗಿನ ಮನೆಗಳಿಗೆ ಹೋಗಿ, ಇದು ಏನು, ಇದರಲ್ಲಿ ಏನಿಲ್ಲ ಎಂದು ಹೇಳಿ ಬರುವುದು ನಮ್ಮ ಕರ್ತವ್ಯ. ಅವರ ಮನೆಗಳ ಮೇಲೆ ಹಾರಿಸದಿರುವುದೂ ಅದರೊಂದಿಗೆ ಸೇರಿದೆ.

ಯಾರು ಕೊಳ್ಳಬೇಕು? ಸಮತಟ್ಟಾದ ಶಾಲೆಯ ಮೈದಾನದಲ್ಲಿ ಪುಟ್ಟ ವಿಮಾನ ಹಾರಿಸುವವರಿಗೆ ಇದೇ ಸಂಸ್ಥೆಯ ಪಾಕೆಟ್ ಎಂಬ ಚಿಕ್ಕ ಪ್ರೇಷಕ ಸಾಕು. ಅದರ 250 ಮಿಲಿವಾಟ್ ಶಕ್ತಿ ಅವರ ಅಗತ್ಯಕ್ಕಿಂತ ಹೆಚ್ಚೇ ಇದೆ, ಗ್ರಾಹಕವೂ ಅದೇ ಬಗೆಯದು ಸಾಕು. ಗುಡ್ಡೆ, ಕಣಿವೆ, ತೋಟಗಳ ನಡುವೆ ಹಾರಿಸುವವರಿಗೆ, ಅದರಲ್ಲೂ ಹಲವು ವಿಮಾನಗಳನ್ನು ಒಂದೇ ಪ್ರೇಷಕದಿಂದ ನಡೆಸುವ, ಇನ್ನೊಬ್ಬರಿಗೆ ಕಲಿಸುವ ಉದ್ದೇಶ ಇರುವವರಿಗೆ ಬಾಕ್ಸರ್ ಮತ್ತು ಇಆರ್6 ಜೋಡಿಯನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಬೇರೆ ಪ್ರೇಷಕ ಈಗಾಗಲೇ ಕೈಯಲ್ಲಿದ್ದು ಅದರ ಹಿಂಬದಿಯಲ್ಲಿ ಮಾಡ್ಯೂಲ್ ಕೂರಿಸುವ ಗೂಡು ಇದ್ದರೆ, 2.4 ಗಿಗಾಹರ್ಟ್ಸ್‌ನ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಮಾಡ್ಯೂಲ್ ಮತ್ತು ಗ್ರಾಹಕವನ್ನಷ್ಟೇ ಕೊಂಡರೂ ಮೇಲೆ ಹೇಳಿದ ಸಂಪರ್ಕದ ಲಾಭವೆಲ್ಲ ಸಿಗುತ್ತದೆ.

ಜೂನ್‌ನಿಂದ ಹಾರಾಟ ನಿಂತ ಮೇಲೆ ಬಾಕ್ಸರನ್ನು ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿಡಬೇಕು. ಕಡಲಿಗೆ ಹತ್ತಿರದ ಉಪ್ಪಳ, ಮಂಜೇಶ್ವರದವರಿಗೆ ಉಪ್ಪಿನ ಗಾಳಿಯಿಂದ ಆಂಟೆನಾ ಜೋಡಿಸುವ ಪುಟ್ಟ ಲೋಹದ ಕೊಂಡಿಗಳು ಹಸಿರು ಹಿಡಿಯುವ ತೊಂದರೆ ಹೆಚ್ಚು. ಮಳೆ ಮುಗಿದು ಮತ್ತೆ ಪದವು ಹತ್ತುವ ಮೊದಲು ಅವನ್ನು ಬಿಚ್ಚಿ ನೋಡಿ, ಆವೃತ್ತಿ ಬದಲಾಗಿದ್ದರೆ ಎರಡೂ ಕಡೆ ಒಟ್ಟಿಗೆ ಏರಿಸಿ, ಪ್ರೊಪೆಲ್ಲರ್ ಕಳಚಿ ಸಂಪರ್ಕ ಕಡಿತದ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು. ತಂತ್ರಾಂಶ ಬದಲಿಸಿದಾಗ ಹಿಂದಿನ ಹೊಂದಾಣಿಕೆಗಳು ಹಾಗೆಯೇ ಉಳಿದಿವೆ ಎಂದು ನೋಡದೆ ನಂಬುವಂತಿಲ್ಲ.